ತಮ್ಮನ ಕುಡಿತ, ಮೂರನೇ ರಾತ್ರಿಯ ಹುಳ ಮತ್ತು ಊಟದಲ್ಲಿ ಬೆರೆಸುವ ಪುಡಿ

ಪ್ರಶ್ನೆ: ಡಾಕ್ಟ್ರೇ, ನಾನು ಕಲಬುರಗಿಯಲ್ಲಿ ಗಂಡನ ಮನೆಯಲ್ಲಿದ್ದೇನೆ. ತವರು ಸೇಡಂ ತಾಲೂಕಿನ ಒಂದು ಹಳ್ಳಿ. ತಮ್ಮನಿಗೆ 29 ವರ್ಷ. ಸಿಮೆಂಟ್ ಫ್ಯಾಕ್ಟರಿಯಲ್ಲಿ ಗುತ್ತಿಗೆ ಮೇಲೆ ಲೋಡಿಂಗ್ ಕೆಲಸಕ್ಕಿದ್ದ, ಕುಡಿದು ಹೋಗುತ್ತಾನೆಂದು ಬಿಡಿಸಿದರು. ಈಗ ದಿನಕ್ಕೆ ಎರಡು ಕ್ವಾರ್ಟರ್. ರೊಕ್ಕ ಇಲ್ಲದ ದಿನ ಗಡಿ ಕಡೆ ಹೋಗಿ ಸೇಂದಿ ಕುಡಿದು ಬರುತ್ತಾನೆ. ಮುಂಜಾನೆ ಎದ್ದರೆ ಕೈ ನಡುಗುತ್ತವೆ, ಚಹಾ ಕಪ್ಪು ಹಿಡಿಯಲಾಗುವುದಿಲ್ಲ. ಒಂದು ಪ್ಯಾಕೆಟ್ ಹೊಟ್ಟೆಗೆ ಬಿದ್ದ ಮೇಲೆ ನಿಲ್ಲುತ್ತದೆ. ಹೋದ ತಿಂಗಳು ಅವ್ವ ಬ್ಯಾಸರಾಗಿ ಅವನನ್ನು ಖೋಲಿಯಲ್ಲಿ ಹಾಕಿ ಕೀಲಿ ಹಾಕಿದಳು. ಮರುದಿನ ಮೂರ್ಛೆ ಬಂತು. ಊರಿನ ಆರ್‌ಎಂಪಿ (ಡಿಗ್ರಿಯಿಲ್ಲದ ಹಳ್ಳಿ ಡಾಕ್ಟರ್) ಗ್ಲೂಕೋಸ್ ಬಾಟ್ಲಿ ಹಚ್ಚಿ ಹೋದ. ಸುದ್ದಿ ಕೇಳಿ ಓಡಿ ಹೋದೆ. ಮೂರನೇ ರಾತ್ರಿ ಹಾಸಿಗೆ ಮೇಲೆ ಹುಳ ಓಡಾಡುತ್ತಿವೆ ಎಂದು ಹಿಡಿದು ಹಿಡಿದು ಒಗೆಯುತ್ತಿದ್ದ, ಸತ್ತ ಅಪ್ಪ ಬಾಗಿಲಲ್ಲಿ ನಿಂತಿದ್ದಾನೆ ಎಂದು ಚೀರುತ್ತಿದ್ದ, ನನ್ನ ಗುರುತೂ ಹಿಡಿಯಲಿಲ್ಲ. ಗಾಳಿ ಸೋಕಿದೆ ಎಂದು ಗಾಣಗಾಪುರಕ್ಕೆ ಕರೆದೊಯ್ದರು. ಎರಡು ದಿನಕ್ಕೆ ಸರಿಹೋದ, ಊರಿಗೆ ಬಂದು ಮತ್ತೆ ಕುಡಿದ. ಈಗ ಸೋದರಮಾವ ಒಂದು ಪುಡಿ ತಂದಿದ್ದಾರೆ, ಊಟದಲ್ಲಿ ಅವನಿಗೆ ಗೊತ್ತಾಗದಂತೆ ಬೆರೆಸಿದರೆ ಕುಡಿತ ಬಿಡುತ್ತಾನಂತೆ. ಅವ್ವ ಮದುವೆ ಮಾಡೋಣ ಎನ್ನುತ್ತಾಳೆ. ವ್ಯಸನ ಬಿಡಿಸುವ ಒಂದು ಖಾಸಗಿ ಕೇಂದ್ರದವರು ಗಾಡಿ ಕಳಿಸಿ ಎತ್ತಿಕೊಂಡು ಹೋಗುತ್ತೇವೆ ಎಂದಿದ್ದಾರೆ. ಅವನು ಅತ್ತು ಕೇಳಿದಾಗ ನಾನು ಗಂಡನಿಗೆ ಹೇಳದೆ ಫೋನ್‌ಪೇ ಮಾಡುತ್ತೇನೆ, ಅದಕ್ಕೇ ಮನೆಯಲ್ಲಿ ಜಗಳ. ಈ ಸಲ ಪಂಚಮಿಗೆ ಕರೆಯಲು ತಮ್ಮ ಬರಲೇ ಇಲ್ಲ. ಅವನಿಗೆ ಹಿಡಿದಿರುವುದು ದೆವ್ವವೋ ರೋಗವೋ? ಪುಡಿ ಹಾಕಬಹುದೇ? ನಾನು ಕೈಬಿಡಬೇಕೇ? — ಹೆಸರು ಬೇಡ, ಕಲಬುರಗಿ

ಉತ್ತರ: ನಿಮ್ಮ ಪತ್ರದಲ್ಲಿ ಪ್ರಶ್ನೆಗಳು ಬಹಳ ಇವೆ, ಎಲ್ಲಕ್ಕೂ ಬರುತ್ತೇನೆ. ಆದರೆ ನೀವು ನಡುವೆ ಎರಡು ಸಾಲಿನಲ್ಲಿ ಹೇಳಿ ಮುಗಿಸಿದ ಆ ಮೂರು ದಿನದ ಸಂಗತಿಯನ್ನೇ ಮೊದಲು ತೆಗೆದುಕೊಳ್ಳುತ್ತೇನೆ. ಮದುವೆ, ರೊಕ್ಕ, ಜಗಳ ಎಲ್ಲ ನಾಲ್ಕು ದಿನ ತಡೆಯುತ್ತವೆ. ಇದು ಮತ್ತೊಮ್ಮೆ ಆದರೆ ತಡೆಯುವುದಿಲ್ಲ.

ನಿಮ್ಮ ತಮ್ಮನಿಗೆ ಆದದ್ದು ದಿನವೂ ಕುಡಿಯುವವರು ಒಮ್ಮೆಲೇ ನಿಲ್ಲಿಸಿದಾಗ ಬರುವ ರೋಗ. ಗಡಿಯಾರ ನೋಡಿಕೊಂಡು ಬಂದ ಹಾಗೆ ಬರುತ್ತದೆ. ಕೊನೆಯ ಗುಟುಕಾಗಿ ಆರೆಂಟು ತಾಸಿಗೆ ಕೈ ನಡುಕ, ಬೆವರು, ಎದೆ ಬಡಿತ, ವಾಂತಿ, ನಿದ್ದೆಯಿಲ್ಲದ ಚಡಪಡಿಕೆ. ಅವನಿಗೆ ದಿನಾ ಮುಂಜಾನೆ ಆಗುವುದು ಇದೇ, ರಾತ್ರಿಯ ಮದ್ಯ ಇಳಿದಿರುತ್ತದೆ. 6 ರಿಂದ 48 ತಾಸಿನೊಳಗೆ ಮೂರ್ಛೆ ಬರಬಹುದು. 48 ರಿಂದ 96 ತಾಸಿನ ನಡುವೆ ಕೆಲವರಿಗೆ ಸನ್ನಿ ಹಿಡಿಯುತ್ತದೆ: ಹುಳ, ಹಾವು, ಇಲಿ ಕಾಣುವುದು, ಸತ್ತವರು ಕಾಣುವುದು, ಹಗಲು ರಾತ್ರಿಯ ಗೊತ್ತು ತಪ್ಪುವುದು, ಮನೆಯವರ ಗುರುತು ಹತ್ತದಿರುವುದು, ಜ್ವರ, ಮೈತುಂಬ ಬೆವರು. ವೈದ್ಯರು ಇದನ್ನು ಡೆಲಿರಿಯಂ ಟ್ರೆಮೆನ್ಸ್ ಎನ್ನುತ್ತಾರೆ, ವಾರ್ಡಿನಲ್ಲಿ ಬರೀ ‘ಡಿಟಿ’. ಎರಡನೇ ದಿನ ಮೂರ್ಛೆ, ಮೂರನೇ ರಾತ್ರಿ ಹುಳ ಎಂದು ನೀವು ಬರೆದಿರುವುದು ಇದಕ್ಕೆ ತಾಸು ತಾಸಿಗೆ ಹೊಂದುತ್ತದೆ.

ಹೀಗೇಕೆ ಆಗುತ್ತದೆ? ಮದ್ಯ ಮಿದುಳಿನ ವೇಗ ತಗ್ಗಿಸುವ ವಸ್ತು. ಅದು ದಿನಾ ಬ್ರೇಕ್ ಒತ್ತುತ್ತಿದ್ದರೆ, ನಿಲ್ಲದೆ ಸಾಗಲು ಮಿದುಳು ಎಕ್ಸಲರೇಟರ್ ಏರಿಸುತ್ತ ಹೋಗುತ್ತದೆ. ವರ್ಷಗಟ್ಟಲೆ ಹಾಗೇ ನಡೆದ ಟ್ರ್ಯಾಕ್ಟರಿನ ಬ್ರೇಕ್ ಒಮ್ಮೆಲೇ ಬಿಟ್ಟರೆ ಏನಾಗುತ್ತದೋ ಅದೇ ಆ ಖೋಲಿಯಲ್ಲಿ ಆಯಿತು. ಒಂದು ಕ್ವಾರ್ಟರ್ ಎಂದರೆ 180 ಮಿ.ಲೀ., ಶೇ 42.8 ಮದ್ಯಸಾರ. ಲೆಕ್ಕ ಹಾಕಿದರೆ ಸುಮಾರು 60 ಗ್ರಾಂ ಶುದ್ಧ ಆಲ್ಕೋಹಾಲ್. ಎರಡಾದರೆ 120. ದಿನವೂ ಇಷ್ಟು ಕುಡಿದ ಮಿದುಳು ಒಂದು ರಾತ್ರಿಯಲ್ಲಿ ಹಳೆಯ ಹದಕ್ಕೆ ಬರಲಾರದು. 2020ರ ಮಾರ್ಚ್ ಕೊನೆಯಲ್ಲಿ ಲಾಕ್‌ಡೌನ್‌ಗೆ ಮದ್ಯದಂಗಡಿಗಳು ಒಮ್ಮೆಲೇ ಮುಚ್ಚಿದಾಗ ರಾಜ್ಯದ ಆಸ್ಪತ್ರೆಗಳಿಗೆ ಇಂಥ ನಡುಕ, ಮೂರ್ಛೆ, ಸನ್ನಿಯವರು ಬಂದರು. ಅಷ್ಟೂ ಜನಕ್ಕೆ ಒಂದೇ ವಾರದಲ್ಲಿ ದೆವ್ವ ಬಡಿಯಲಿಲ್ಲ.

ಆದರೂ ಊರಿನವರು ಗಾಳಿ ಎಂದದ್ದಕ್ಕೆ ನಾನು ನಗುವುದಿಲ್ಲ. ಕುಡಿದಾಗ ಹುಳ ಕಂಡಿದ್ದರೆ ಕುಡಿತದ್ದು ಎನ್ನುತ್ತಿದ್ದರು. ಕುಡಿತ ಬಿಟ್ಟು ಮೂರನೇ ದಿನ ಕಂಡರೆ ಕುಡಿತಕ್ಕೂ ಅದಕ್ಕೂ ಸಂಬಂಧ ಇದೆ ಎಂದು ಯಾರಿಗೆ ಹೊಳೆಯುತ್ತದೆ? ಗಾಣಗಾಪುರಕ್ಕೆ ಹೋಗಿ ಬಂದ ಮೇಲೆ ಇಳಿದದ್ದೂ ಸುಳ್ಳಲ್ಲ. ಈ ಸನ್ನಿ ಬದುಕಿ ಉಳಿದವರಲ್ಲಿ ಸಾಮಾನ್ಯವಾಗಿ ಮೂರರಿಂದ ಐದು ದಿನಕ್ಕೆ ತಾನೇ ಇಳಿಯುತ್ತದೆ. ಮಾತು ಇರುವುದು ‘ಬದುಕಿ ಉಳಿದವರಲ್ಲಿ’ ಎಂಬುದರಲ್ಲಿ. ಚಿಕಿತ್ಸೆಯಿಲ್ಲದೆ ಜೀವ ಹೋಗುವ ರೋಗವಿದು: ಮೈಯ ನೀರು, ಲವಣ ಏರುಪೇರಾಗಿ, ಹೃದಯದ ಬಡಿತ ತಪ್ಪಿ, ಮೂರ್ಛೆಯಲ್ಲಿ ಉಸಿರುಗಟ್ಟಿ, ಇಲ್ಲವೇ ಹೆದರಿ ಓಡಿ ಬಾವಿಗೆ ಬಿದ್ದು. ಅವ್ವನಿಗೆ ದತ್ತಾತ್ರೇಯನ ಮೇಲೆ ಭಕ್ತಿಯಿದ್ದರೆ ಅದು ಇರಲಿ, ಅದರ ಜೊತೆ ವಾದಕ್ಕೆ ಇಳಿಯಬೇಡಿ. ವಾದದಲ್ಲಿ ಗೆದ್ದರೂ ಮುಂದಿನ ಸಲ ನಿಮಗೆ ಫೋನ್ ಬರುವುದಿಲ್ಲ. ಒಂದೇ ಮಾತು ಹೇಳಿ: ಮೊದಲು ದವಾಖಾನೆ, ಆಮೇಲೆ ಗುಡಿ.

ಇನ್ನೊಂದು ಕಹಿ ಸತ್ಯ. ಒಮ್ಮೆ ಮೂರ್ಛೆ ಅಥವಾ ಸನ್ನಿ ಬಂದವರಿಗೆ ಮುಂದಿನ ಸಲ ಒಮ್ಮೆಲೇ ನಿಲ್ಲಿಸಿದಾಗ ಅದು ಇನ್ನೂ ಜೋರಾಗಿ ಬರುವ ಸಂಭವ ಹೆಚ್ಚು. ಆದ್ದರಿಂದ ನಿಮ್ಮ ಮನೆಯಲ್ಲಿ ಇವತ್ತಿನಿಂದ ನಡೆಯಬೇಕಾದ ನಿಯಮ: ಅವನನ್ನು ಖೋಲಿಯಲ್ಲಿ ಹಾಕುವುದು, ಕಟ್ಟುವುದು, ‘ಇಂದಿನಿಂದ ಒಂದು ಹನಿ ಇಲ್ಲ’ ಎಂದು ಆಣೆ ಮಾಡಿಸುವುದು ಬಂದ್. ವ್ರತದ ಮಾಲೆ ಹಾಕಿಸುವುದೂ ಹಾಗೆಯೇ, ಆಸ್ಪತ್ರೆಯಲ್ಲಿ ಮದ್ಯ ಇಳಿಸಿದ ಮೇಲಾದರೆ ಹಾಕಿಕೊಳ್ಳಲಿ. ಆಸ್ಪತ್ರೆಗೆ ಹೋಗುವ ದಿನ ಗೊತ್ತಾಗುವವರೆಗೆ ಅವನು ಕುಡಿಯುವುದನ್ನು ನೀವು ಸಹಿಸಬೇಕಾಗುತ್ತದೆ. ಮನೋವೈದ್ಯನ ಬಾಯಲ್ಲಿ ಈ ಮಾತೇ ಎಂದು ನಿಮ್ಮ ಸೋದರಮಾವ ಕೇಳಬಹುದು. ಹೌದು, ಇದೇ ಮಾತು.

ಮೂರ್ಛೆ ಬಂದರೆ ಮಗ್ಗುಲಿಗೆ ಹೊರಳಿಸಿ ಮಲಗಿಸಿ, ಸುತ್ತಲಿನ ಸಾಮಾನು ಸರಿಸಿ, ತಲೆ ಕೆಳಗೆ ಮೆತ್ತನೆಯದು ಇಡಿ, ಗಡಿಯಾರ ನೋಡಿ. ಕೈಗೆ ಕಬ್ಬಿಣ, ಮೂಗಿಗೆ ಉಳ್ಳಾಗಡ್ಡಿ, ಚಪ್ಪಲಿ, ಬಾಯಲ್ಲಿ ಚಮಚ ಬೇಡ. ಪೂರ್ತಿ ಎಚ್ಚರಾಗುವವರೆಗೆ ನೀರೂ ಕುಡಿಸಬೇಡಿ. ಐದು ನಿಮಿಷ ದಾಟಿದರೆ, ಮತ್ತೊಂದು ಬಂದರೆ, ಇಲ್ಲವೇ ಆಮೇಲೆ ಗುರುತು ಹಿಡಿಯದಿದ್ದರೆ 108ಕ್ಕೆ ಫೋನ್. ಕುಡಿತ ನಿಲ್ಲಿಸಿದವನಿಗೆ ಮೂರ್ಛೆ ಬಂದು ತಾನೇ ನಿಂತರೂ ಅದೇ ದಿನ ಆಸ್ಪತ್ರೆಗೆ ಒಯ್ಯಬೇಕು. ಬಿದ್ದು ತಲೆಗೆ ಪೆಟ್ಟಾಗಿದ್ದರೆ ಎಲ್ಲಿ, ಯಾವಾಗ ಎಂದು ಹೇಳಿ. ಕುಡಿಯುವವರ ತಲೆಯೊಳಗಿನ ರಕ್ತಸ್ರಾವವನ್ನು ‘ನಶೆ’ ಎಂದು ಬಿಟ್ಟು ಕಳೆದುಕೊಂಡ ಮನೆಗಳಿವೆ.

ಆ ಗ್ಲೂಕೋಸ್ ಬಾಟ್ಲಿಯ ಬಗ್ಗೆ ಒಂದು ಮಾತು ಹೇಳಲೇಬೇಕು. ನಮ್ಮ ಕಡೆ ಯಾವ ನಿಶ್ಶಕ್ತಿಗೂ ‘ಒಂದು ಬಾಟ್ಲಿ ಹಚ್ಚಿಸಿದ್ರ ಛಲೋ’ ಎಂಬ ನಂಬಿಕೆ. ಬಹಳ ದಿನ ಊಟ ಬಿಟ್ಟು ಕುಡಿದವರ ಮೈಯಲ್ಲಿ ಥಯಾಮಿನ್, ಅಂದರೆ ಬಿ1 ಜೀವಸತ್ವ, ಬರಿದಾಗಿರುತ್ತದೆ. ಗ್ಲೂಕೋಸ್ ಅರಗಿಸಲು ಮಿದುಳಿಗೆ ಅದೇ ಬೇಕು. ಉಳಿದಿದ್ದ ಚೂರನ್ನೂ ಬಾಟ್ಲಿಯ ಸಕ್ಕರೆ ಬಳಸಿಬಿಟ್ಟರೆ ಮಿದುಳಿನ ಕೆಲವು ಭಾಗ ಕೆಡುತ್ತದೆ: ಗೊಂದಲ, ಕಣ್ಣುಗುಡ್ಡೆ ಅತ್ತಿತ್ತ ಆಡುವುದು, ಓಲಾಡುವ ನಡಿಗೆ, ಆಮೇಲೆ ನೆನಪು ನಿಲ್ಲದಿರುವುದು. ಇದನ್ನು ಬೇಗ ಹಿಡಿದರೆ ಸರಿಪಡಿಸಬಹುದು, ತಡವಾದರೆ ನೆನಪಿನ ಹಾನಿ ಉಳಿದುಬಿಡುತ್ತದೆ. ಹಾಗಾಗಿ ಕುಡಿಯುವವರಿಗೆ ಯಾರೇ ಬಾಟ್ಲಿ ಹಚ್ಚಲು ಬಂದರೂ ಒಂದೇ ಪ್ರಶ್ನೆ ಕೇಳಿ: ಥಯಾಮಿನ್ ಸೂಜಿ ಮೊದಲು ಕೊಟ್ಟಿರಾ? ಕುಡಿತದಿಂದ ಕೆಟ್ಟ ಕರುಳು ಗುಳಿಗೆಯನ್ನು ಸರಿಯಾಗಿ ಹೀರುವುದಿಲ್ಲ, ಅದಕ್ಕೇ ಮೊದಲ ದಿನಗಳಲ್ಲಿ ಸೂಜಿ.

ಪುಡಿಯ ವಿಷಯ

ಮಾವನ ಪುಡಿಯನ್ನು ಹಾಕಬೇಡಿ. ‘ಕುಡಿಯುವವರಿಗೆ ತಿಳಿಯದಂತೆ ಕುಡಿತ ಬಿಡಿಸಲಾಗುವುದು’ ಎಂಬ ಬರಹ ಬಸ್‌ಸ್ಟ್ಯಾಂಡ್ ಗೋಡೆಗಳಲ್ಲಿ ನೀವೂ ನೋಡಿರುತ್ತೀರಿ. ಇಂಥ ಪೊಟ್ಟಣದಲ್ಲಿ ಏನಿದೆ ಎಂದು ಮಾರುವವರು ಬರೆದಿರುವುದಿಲ್ಲ. ಕೆಲವದರಲ್ಲಿ ಬರೀ ಬೇರು ನಾರು ಇರಬಹುದು. ಕುಡಿದ ಕೂಡಲೇ ವಾಂತಿಯಾಗುವಂತೆ ಮಾಡುವ ಪುಡಿಯಲ್ಲಿ ಡೈಸಲ್ಫಿರಾಮ್ ಇರುವ ಸಂಶಯ ನಮಗೆ ಯಾವಾಗಲೂ ಇರುತ್ತದೆ.

ಡೈಸಲ್ಫಿರಾಮ್ ಕೆಟ್ಟ ಔಷಧಿಯಲ್ಲ. ನಾವೂ ಬರೆದುಕೊಡುತ್ತೇವೆ. ಮೈಗೆ ಹೋದ ಆಲ್ಕೋಹಾಲ್ ಮೊದಲು ಅಸಿಟಾಲ್ಡಿಹೈಡ್ ಎಂಬ ವಿಷವಾಗಿ, ಆಮೇಲೆ ನಿರುಪದ್ರವಿಯಾಗಿ ಮಾರ್ಪಡುತ್ತದೆ. ಈ ಗುಳಿಗೆ ಎರಡನೇ ಹೆಜ್ಜೆಯನ್ನು ತಡೆಯುತ್ತದೆ. ವಿಷ ಮೈಯಲ್ಲೇ ಕೂಡಿಬೀಳುತ್ತದೆ. ಕುಡಿದ ಸ್ವಲ್ಪ ಹೊತ್ತಿಗೇ ಮುಖ ಕೆಂಪೇರಿ, ತಲೆ ಸಿಡಿದು, ಎದೆ ಹೊಡೆದುಕೊಂಡು, ವಾಂತಿಯಾಗಿ, ರಕ್ತದೊತ್ತಡ ಬೀಳುತ್ತದೆ. ಹೆಚ್ಚು ಕುಡಿದಿದ್ದರೆ ಹೃದಯ ನಿಲ್ಲಲೂಬಹುದು. ಅದರ ಕೆಲಸವೇ ಹೆದರಿಕೆಯ ಮೇಲೆ: ‘ಗುಳಿಗೆ ತಿಂದಿದ್ದೇನೆ, ಕುಡಿದರೆ ಸಾಯುತ್ತೇನೆ’ ಎಂದು ಗೊತ್ತಿದ್ದವನು ಅಂಗಡಿ ಮೆಟ್ಟಿಲು ಹತ್ತುವುದಿಲ್ಲ. ಗೊತ್ತಿಲ್ಲದವನು ಎಂದಿನಂತೆ ಎರಡು ಕ್ವಾರ್ಟರ್ ಇಳಿಸುತ್ತಾನೆ. ಗುಟ್ಟಾಗಿ ಕೊಟ್ಟಾಗ ಔಷಧಿಯ ಉಪಯೋಗ ಅಷ್ಟೂ ಹೋಗಿ ವಿಷ ಮಾತ್ರ ಉಳಿಯುತ್ತದೆ.

ಆದ್ದರಿಂದ ನಾವು ಕೊಡುವಾಗ ಅವನ ಒಪ್ಪಿಗೆ ಬೇಕು, ಕೊನೆಯ ಗುಟುಕಾಗಿ ಕನಿಷ್ಠ 12 ತಾಸು ಕಳೆದಿರಬೇಕು, ಲಿವರ್ ಪರೀಕ್ಷೆ ಆಗಿರಬೇಕು, ಹೃದಯದ ಕಾಯಿಲೆ ಇರಬಾರದು, ಹಿಂದೆ ಸನ್ನಿಯಲ್ಲದೆ ಬೇರೆ ಮಾನಸಿಕ ಕಾಯಿಲೆ ಆಗಿದೆಯೇ ಎಂದು ನೋಡಬೇಕು. ಗುಳಿಗೆ ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಉಳಿಯಬಹುದು, ಕೆಮ್ಮಿನ ಸಿರಪ್ಪಿನಲ್ಲಿರುವ ಆಲ್ಕೋಹಾಲ್ ಕೂಡ ಕೆಣಕಬಹುದು ಎಂದು ಮೊದಲೇ ಹೇಳಬೇಕು. ನಿಮ್ಮ ಮಾವ ಇದರಲ್ಲಿ ಯಾವುದನ್ನೂ ನೋಡಿರಲಿಕ್ಕಿಲ್ಲ. ಒಂದು ಪಕ್ಷ ಈಗಾಗಲೇ ಒಂದೆರಡು ಸಲ ಹಾಕಿದ್ದರೆ ಅದನ್ನು ಮುಚ್ಚಿಡಬೇಡಿ. ಪೊಟ್ಟಣ ಸಮೇತ ವೈದ್ಯರಿಗೆ ತೋರಿಸಿ. ಅವನಿಗೂ ತಿಳಿಸಿ. ಆಮೇಲೆ ಬೇರೆ ಯಾರ ಬಾಯಿಂದಲೋ ಗೊತ್ತಾದರೆ ಅವ್ವನ ಕೈ ಊಟವನ್ನೇ ಬಿಡುತ್ತಾನೆ, ಅಲ್ಲಿಂದ ಮುಂದೆ ಯಾವ ಔಷಧಿಯನ್ನೂ ಆ ಮನೆಯಲ್ಲಿ ನುಂಗುವುದಿಲ್ಲ.

ಎಲ್ಲಿಗೆ, ಹೇಗೆ

ತಾಲೂಕು ಆಸ್ಪತ್ರೆಗಳಿಗೆ ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರ ಮನೋವೈದ್ಯರು ಬರುವ ಏರ್ಪಾಡಿದೆ. ವಾರ ಬದಲಾಗಿರಬಹುದು, ಸೇಡಂ ಆಸ್ಪತ್ರೆಗೆ ಹಿಂದಿನ ದಿನ ಫೋನ್ ಮಾಡಿ ಖಾತ್ರಿ ಮಾಡಿಕೊಳ್ಳಿ. ಆದರೆ ಮೂರ್ಛೆ, ಸನ್ನಿ ಎರಡೂ ಆಗಿಹೋದವನಿಗೆ ಮನೆಯಲ್ಲಿದ್ದು ಬಿಡುವ ದಾರಿ ಸರಿಯಲ್ಲ, ಒಳರೋಗಿಯಾಗಿಯೇ ಬಿಡಿಸಬೇಕು. ಅದಕ್ಕೆ ಕಲಬುರಗಿಯ ಸರ್ಕಾರಿ ವೈದ್ಯಕೀಯ ಕಾಲೇಜು ಆಸ್ಪತ್ರೆ ಜಿಮ್ಸ್‌ನ ಮನೋವೈದ್ಯ ವಿಭಾಗಕ್ಕೆ ಬನ್ನಿ. ಅಂಥದ್ದೇ ಆಸ್ಪತ್ರೆ ಬೀದರ್‌ನವರಿಗೆ ಬ್ರಿಮ್ಸ್, ಯಾದಗಿರಿಯವರಿಗೆ ಯಿಮ್ಸ್. ತೀರ ತೊಡಕಿನದಾದರೆ ದೊಡ್ಡ ಮನೋವೈದ್ಯ ಸಂಸ್ಥೆಗಳಾದ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್. ಆಧಾರ್, ರೇಷನ್ ಕಾರ್ಡ್ ಜೊತೆಗಿರಲಿ. ಮುಂಜಾನೆ ನಡುಕ ತಡೆಯದೆ ಒಂದಿಷ್ಟು ಕುಡಿದು ಬಂದರೂ ಚಿಂತೆಯಿಲ್ಲ. ‘ಕುಡಿದು ಬಂದವರನ್ನು ನೋಡುವುದಿಲ್ಲ’ ಎಂದು ಚೀಟಿ ಕೌಂಟರಿನಲ್ಲಿ ಯಾರಾದರೂ ಗದರಿದರೆ ವಾಪಸ್ ಹೋಗಬೇಡಿ, ಎಮರ್ಜೆನ್ಸಿಗೆ ಹೋಗಿ ‘ಹಿಂದೆ ಬಿಟ್ಟಾಗ ಮೂರ್ಛೆ ಬಂದಿತ್ತು, ಮೂರನೇ ದಿನ ಗುರುತು ಹಿಡಿದಿರಲಿಲ್ಲ’ ಎಂಬ ಎರಡು ಮಾತು ಹೇಳಿ. ಆ ಎರಡು ಮಾತಿಗೆ ಬಾಗಿಲು ತೆರೆಯುತ್ತದೆ.

ಹೊರಡುವ ಮೊದಲು ಒಂದು ಚೀಟಿಯಲ್ಲಿ ಬರೆದುಕೊಳ್ಳಿ, ಗಾಬರಿಯಲ್ಲಿ ಮರೆಯುತ್ತದೆ: ದಿನಕ್ಕೆ ಎಷ್ಟು, ಕೊನೆಯದು ಎಷ್ಟು ಗಂಟೆಗೆ, ಮೂರ್ಛೆ ಎಷ್ಟು ಸಲ, ತಲೆಗೆ ಪೆಟ್ಟು, ಕಾಮಾಲೆ, ರಕ್ತವಾಂತಿ, ಕಪ್ಪು ಮಲ, ಸಕ್ಕರೆ ಕಾಯಿಲೆ, ಟಿಬಿ ಗುಳಿಗೆ. ಮತ್ತು ಸೇಂದಿ. ಇದನ್ನು ಮರೆಯಲೇಬೇಡಿ. ಗಡಿ ಭಾಗದಲ್ಲಿ ಸಿಗುವ ಕಲಬೆರಕೆ ಸೇಂದಿಯಲ್ಲಿ ಸಿ.ಎಚ್. ಪೌಡರ್ ಅಂದರೆ ಕ್ಲೋರಲ್ ಹೈಡ್ರೇಟ್, ಡಯಾಜೆಪಾಮ್, ಅಲ್ಪ್ರಜೋಲಾಮ್ ಬೆರೆಸುವುದುಂಟು. ಇವು ನಿದ್ದೆ ಔಷಧಿಗಳು, ಇವನ್ನು ಬಿಟ್ಟಾಗಲೂ ಮೂರ್ಛೆ ಸನ್ನಿ ಬರುತ್ತವೆ, ಅದೂ ಮದ್ಯದ ಲೆಕ್ಕದ ಮೂರನೇ ದಿನಕ್ಕೆ ಮುಗಿಯದೆ ವಾರ ಕಳೆದ ಮೇಲೂ ಬರಬಹುದು. ಸೇಂದಿ ಎಂದು ಹೇಳದಿದ್ದರೆ ವೈದ್ಯರು ಐದನೇ ದಿನಕ್ಕೆ ಗುಳಿಗೆ ತಗ್ಗಿಸಿ ಮನೆಗೆ ಕಳಿಸುತ್ತಾರೆ, ಮೂರ್ಛೆ ಬಸ್ಸಿನಲ್ಲಿ ಬರುತ್ತದೆ.

ಒಳಗೆ ಸಾಮಾನ್ಯವಾಗಿ ಒಂದು ವಾರದಿಂದ ಹತ್ತು ದಿನ. ಕ್ಲೋರ್‌ಡಯಾಜಿಪಾಕ್ಸೈಡ್ ಅಥವಾ ಡಯಾಜೆಪಾಮ್, ಲಿವರ್ ಕೆಟ್ಟಿದ್ದರೆ ಲೊರಾಜೆಪಾಮ್ ಕೊಟ್ಟು ದಿನದಿನಕ್ಕೆ ಇಳಿಸುತ್ತಾರೆ. ‘ಒಂದು ಚಟ ಬಿಡಿಸಲು ನಿದ್ದೆ ಗುಳಿಗೆಯ ಇನ್ನೊಂದು ಚಟ ಹಚ್ಚುತ್ತಾರೆ’ ಎಂಬ ಮಾತು ವಾರ್ಡಿನ ಹೊರಗೆ ಕೇಳುತ್ತೀರಿ. ಆಸ್ಪತ್ರೆಯಲ್ಲಿ ಆ ಕೆಲವು ದಿನಕ್ಕೆ ಅದು ಜೀವ ಉಳಿಸುವ ಗುಳಿಗೆ. ಚಟವಾಗುವುದು ಹಳೆಯ ಚೀಟಿ ತೋರಿಸಿ ಮೆಡಿಕಲ್ ಅಂಗಡಿಯಿಂದ ತಿಂಗಳುಗಟ್ಟಲೆ ತಂದು ತಿಂದಾಗ. ಬಿಡುಗಡೆಯಾದ ಮೇಲೆ ಆ ಗುಳಿಗೆಗಳು ಅವನ ಕೈಯಲ್ಲಿ ಇರದಿರಲಿ, ಅವ್ವನ ಹತ್ತಿರವಿರಲಿ. ಅದರ ಮೇಲೆ ಕುಡಿದರೆ ಉಸಿರು ನಿಲ್ಲಬಹುದು.

ನಡುಕ ನಿಂತು, ಊಟ ಸೇರಿ, ಮುಖಕ್ಕೆ ಕಳೆ ಬಂದಾಗ ಮನೆಯವರು ಮುಗಿಯಿತು ಎಂದುಕೊಳ್ಳುತ್ತಾರೆ. ಇಳಿದದ್ದು ಮೈಯ ಮದ್ಯ ಮಾತ್ರ, ಆಸೆ ಹಾಗೇ ಇರುತ್ತದೆ. ಕುಡಿಯುವ ಆಸೆ ತಗ್ಗಿಸಲು ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಬ್ಯಾಕ್ಲೊಫೆನ್ ಎಂಬ ಬೇರೆ ಗುಳಿಗೆಗಳಿವೆ. ಲಿವರ್, ಕಿಡ್ನಿ ನೋಡಿ ಯಾವುದೆಂದು ವೈದ್ಯರು ಆರಿಸುತ್ತಾರೆ, ತಿಂಗಳುಗಟ್ಟಲೆ ನಡೆಯಬೇಕು. ಬಿಡುಗಡೆಯ ಚೀಟಿಯಲ್ಲಿ ಇಂಥದ್ದೊಂದು ಇಲ್ಲದಿದ್ದರೆ ‘ಆಸೆ ತಡೆಯಲು ಏನು ಬರೆದಿದ್ದೀರಿ’ ಎಂದು ಕೇಳುವ ಹಕ್ಕು ನಿಮಗಿದೆ. ಎರಡರಿಂದ ನಾಲ್ಕು ವಾರ ಕುಡಿಯದೆ ಇದ್ದ ಮೇಲೂ ಮಂಕು, ನಿದ್ದೆಗೇಡು ಉಳಿದರೆ ಖಿನ್ನತೆಯ ಚಿಕಿತ್ಸೆ ಬೇಕಾಗಬಹುದು. ಯಾರೂ ಇಲ್ಲದಾಗ ಧ್ವನಿ ಕೇಳುವುದು ಉಳಿದರೆ ಅದು ಸನ್ನಿಯ ಲೆಕ್ಕಕ್ಕೆ ಸೇರದು, ಬೇರೆಯೇ ಪರೀಕ್ಷೆ ಬೇಕು.

ಮೊದಲ ಮೂರು ತಿಂಗಳು ಜಾರುವ ಕಾಲ. ಜಾತ್ರೆ, ಮದುವೆ, ಬಟವಾಡೆ ದಿನ, ಹಳೆಯ ಗೆಳೆಯನ ಬೈಕು. ಒಂದು ದಿನ ಕುಡಿದರೆ ‘ಎಲ್ಲ ನೀರಿನಾಗ ಹೋಮ’ ಎನ್ನಬೇಡಿ. ಎರಡು ಮೂರು ದಿನದೊಳಗೆ ಅದೇ ವೈದ್ಯರ ಮುಂದೆ ಕೂರಿಸಿದರೆ ಅದು ಒಂದು ದಿನದ ಜಾರುವಿಕೆಯಾಗಿ ನಿಲ್ಲಬಹುದು. ಬಿಟ್ಟು ಕೆಲವು ವಾರವಾದ ಮೈಗೆ ಹಳೆಯ ಅಳತೆ ತಡೆಯುವ ಶಕ್ತಿ ಇರುವುದಿಲ್ಲ ಎಂದೂ ಅವನಿಗೆ ಗೊತ್ತಿರಲಿ. ಹಿಂದೆ ಅರಗುತ್ತಿದ್ದ ಎರಡು ಕ್ವಾರ್ಟರ್ ಈಗ ಪ್ರಜ್ಞೆ ತಪ್ಪಿಸಬಹುದು.

ಗಾಡಿ ಕಳಿಸುವವರು

ಒಪ್ಪದವನನ್ನು ಎತ್ತಿಕೊಂಡು ಹೋಗುವುದು ಮನೆಯವರಿಗೆ ಹಗುರ ಅನ್ನಿಸುತ್ತದೆ, ಅದು ನನಗೆ ಅರ್ಥವಾಗುತ್ತದೆ. ಆದರೆ 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ ಪ್ರಕಾರ ವ್ಯಸನದ ಚಿಕಿತ್ಸೆಯೂ ಕಾನೂನಿನ ಚೌಕಟ್ಟಿನೊಳಗೇ ನಡೆಯಬೇಕು. ಅವನ ಒಪ್ಪಿಗೆಯಿಲ್ಲದೆ ಸೇರಿಸಲು ಕಲಂ 89 ಇದೆ: ಅವನ ಪ್ರತಿನಿಧಿ ಅರ್ಜಿ ಕೊಡಬೇಕು, ಒಬ್ಬ ಮನೋವೈದ್ಯರೂ ಇನ್ನೊಬ್ಬ ತಜ್ಞ ಅಥವಾ ವೈದ್ಯರೂ ಬೇರೆಬೇರೆಯಾಗಿ ಪರೀಕ್ಷಿಸಬೇಕು, ತನಗೋ ಬೇರೆಯವರಿಗೋ ಅಪಾಯ ಮಾಡುವ ಇಲ್ಲವೇ ತನ್ನನ್ನು ತಾನು ನೋಡಿಕೊಳ್ಳಲಾಗದ ಸ್ಥಿತಿ ಇರಬೇಕು. ಅದೂ ಮೊದಲಿಗೆ 30 ದಿನದವರೆಗೆ. ದಿನಾ ಕುಡಿಯುತ್ತಾನೆ ಎಂಬುದೊಂದೇ ಸಾಲದು. ಸನ್ನಿ ಹಿಡಿದ ರಾತ್ರಿಯ ಮಾತು ಬೇರೆ. ಆಗ ಜೀವ ಉಳಿಸಲು ಯಾವ ನೋಂದಾಯಿತ ವೈದ್ಯರಾದರೂ ತುರ್ತು ಚಿಕಿತ್ಸೆ ಕೊಡಬಹುದು, 72 ತಾಸಿನವರೆಗೆ. ಅವತ್ತು ಅವನ ‘ಬೇಡ’ ಎಂಬ ಮಾತಿಗೆ ನಿಲ್ಲಬೇಡಿ.

ಆ ಕೇಂದ್ರದವರಿಗೆ ಮೂರು ಪ್ರಶ್ನೆ ಕೇಳಿ. ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸುತ್ತೀರಾ? ರಾತ್ರಿ ಎರಡಕ್ಕೆ ಮೂರ್ಛೆ ಬಂದರೆ ಅಲ್ಲಿ ಯಾರಿರುತ್ತಾರೆ, ಯಾವ ಆಸ್ಪತ್ರೆಗೆ ಒಯ್ಯುತ್ತೀರಿ? ನಾವು ಎಷ್ಟನೇ ದಿನ ಬಂದು ಅವನ ಜೊತೆ ಒಬ್ಬರೇ ಮಾತಾಡಬಹುದು? ‘ತಿಂಗಳು ಯಾರೂ ಬರಬಾರದು’ ಎಂದರೆ ಅಲ್ಲಿಗೆ ಬಿಟ್ಟುಬಿಡಿ. ಸರಪಳಿ ಹಾಕುವುದು ಕಾಯ್ದೆಯಲ್ಲೇ ನಿಷಿದ್ಧ. ವೈದ್ಯರಿಲ್ಲದ ಜಾಗದಲ್ಲಿ ಒಮ್ಮೆಲೇ ಕುಡಿತ ನಿಲ್ಲಿಸುವುದೆಂದರೆ ಅವ್ವ ಹಾಕಿದ ಕೀಲಿಯನ್ನೇ ದುಡ್ಡು ಕೊಟ್ಟು ಹಾಕಿಸಿದಂತೆ. ಒಳ್ಳೆಯ ಕೇಂದ್ರಗಳೂ ಇವೆ. ಅಂಥವರು ಈ ಮೂರು ಪ್ರಶ್ನೆಗೆ ಸಿಟ್ಟಾಗುವುದಿಲ್ಲ.

ಹಾಗಾದರೆ ಒಪ್ಪಿಸುವುದು ಹೇಗೆ? ಇಲ್ಲಿ ಅಕ್ಕನಾಗಿ ನಿಮಗಿರುವ ಜಾಗ ಅವ್ವನಿಗಿಲ್ಲ. ಅವ್ವ ದಿನಾ ಬೈಯುತ್ತಾಳೆ, ದಿನಾ ಉಣ್ಣಿಸುತ್ತಾಳೆ. ಎರಡೂ ಅವನಿಗೆ ಕೇಳಿಸದಷ್ಟು ರೂಢಿಯಾಗಿದೆ. ನೀವು ಹೊರಗಿನಿಂದ ಬರುವವರು. ಬಿಡಿಸುವುದು ನಿಮ್ಮ ಕೈಯಲ್ಲಿಲ್ಲ. ಅವನು ಹೂಂ ಎನ್ನುವ ದಿನದವರೆಗೆ ಜೀವಂತ ಇರುವಂತೆ ನೋಡಿಕೊಳ್ಳುವುದು, ಹೂಂ ಎಂದ ಗಳಿಗೆಗೆ ಎಲ್ಲಿಗೆ ಹೋಗಬೇಕೆಂದು ಗೊತ್ತಿರುವುದು ನಿಮ್ಮ ಕೈಯಲ್ಲಿದೆ. ಮುಂಜಾನೆ ನಡುಗುವಾಗ ಮಾತು ತೆಗೆಯಬೇಡಿ, ರಾತ್ರಿ ಕುಡಿದಾಗಂತೂ ಬೇಡವೇ ಬೇಡ. ನಡುಕ ನಿಂತು ನಶೆ ಏರದ ಹನ್ನೊಂದರ ಹೊತ್ತು ಸರಿ. ಮಾವ, ಪಕ್ಕದ ಮನೆಯವರು, ಪಂಚರು ಯಾರೂ ಬೇಡ. ನಿಮ್ಮ ಮಾತು ಹೀಗಿರಲಿ: ‘ತಮ್ಮಾ, ಆ ರಾತ್ರಿ ನೀ ನನ್ನ ಗುರ್ತಾ ಹಿಡಿಲಿಲ್ಲ. ನಂಗ ಭಾಳ ಹೆದ್ರಿಕಿ ಆಯ್ತು. ಕುಡಿಯೋದು ಬಿಡ್ತೀನಂತ ಮಾತು ಕೊಡಬ್ಯಾಡ. ಸೋಮಾರ ನಾ ಬರ್ತೀನಿ, ಇಬ್ರೂ ದವಾಖಾನಿಗಿ ಹೋಗಿ ಕೈ ನಡುಗೋದಕ್ಕ ತೋರ್ಸಣ.’ ನಡುಕ ಅವನಿಗೂ ಬೇಡವಾದದ್ದು, ಅದರಿಂದಲೇ ಶುರು ಮಾಡಿ. ಬೈಗಳ, ಅಪ್ಪನ ಹೆಸರು, ಹಳೆಯ ಲೆಕ್ಕ ತೆಗೆದರೆ ಅವನು ಎದ್ದು ಹೋಗುತ್ತಾನೆ. ಒಲ್ಲೆ ಎಂದರೆ ಒತ್ತಾಯ ಬೇಡ, ಎರಡು ವಾರ ಬಿಟ್ಟು ಮತ್ತೆ ಅದೇ ಮಾತು. ಮೂರ್ಛೆಯಾದ ಮರುದಿನ, ಕೆಲಸ ಹೋದ ದಿನ, ಬಿದ್ದು ಗಾಯವಾದ ದಿನ ‘ಹೂಂ’ ಬರುವ ಸಾಧ್ಯತೆ ಹೆಚ್ಚು. ಬಂದರೆ ಅವತ್ತೇ ಹೊರಡಬೇಕು. ಕುಡಿಯದ ಹೊತ್ತಿನಲ್ಲಿ ಹೊಲಕ್ಕೆ ಹೋಗಿ ಬಂದನೋ, ಅವ್ವನಿಗೆ ನೀರು ತಂದುಕೊಟ್ಟನೋ, ಅದನ್ನು ಗುರುತಿಸಿ ಆಡಿ. ಕುಡಿದು ಬಂದ ಹೊತ್ತಿನಲ್ಲಿ ಉಪಚಾರವೂ ಬೇಡ, ಜಗಳವೂ ಬೇಡ. ಮನೆಯವರಿಗೆ ಹೀಗೆ ತರಬೇತಿ ಕೊಡುವ ಕ್ರಾಫ್ಟ್ ಎಂಬ ವಿಧಾನವೇ ಇದೆ. ಬೈದು ಒಪ್ಪಿಸುವುದಕ್ಕಿಂತ ಹೆಚ್ಚು ಜನರನ್ನು ಅದು ಚಿಕಿತ್ಸೆಗೆ ತಂದಿದೆ.

ರೊಕ್ಕದ ವಿಷಯ. ಕೈಗೆ ನಗದು, ಫೋನ್‌ಪೇ ನಿಲ್ಲಿಸಿ. ಆದರೆ ಅವನು ನಡುಗುತ್ತ ಫೋನ್ ಮಾಡಿದ ದಿನ ಒಮ್ಮೆಲೇ ಅಲ್ಲ, ಮೊದಲೇ ಹೇಳಿ ನಿಲ್ಲಿಸಿ, ಮತ್ತು ಅದರ ಜೊತೆಗೇ ಆಸ್ಪತ್ರೆಯ ದಿನವನ್ನೂ ಹೇಳಿ. ಯಾಕೆಂದರೆ ರೊಕ್ಕ ಒಮ್ಮೆಲೇ ನಿಂತರೂ ಕೀಲಿ ಹಾಕಿದ್ದಕ್ಕೆ ಸಮ, ಸಿಗದಿದ್ದರೆ ಸೇಂದಿಗೆ ಹೋಗುತ್ತಾನೆ. ಔಷಧಿ, ಬಸ್ಸು, ಊಟ, ಆಸ್ಪತ್ರೆ ಖರ್ಚು ನೀವೇ ನೇರವಾಗಿ ಕೊಡಿ. ಅಂಗಡಿಯ ಉದ್ರಿ ತೀರಿಸಬೇಡಿ, ತೀರಿಸಿದ ಮರುದಿನದಿಂದ ಹೊಸ ಉದ್ರಿ ಶುರುವಾಗುತ್ತದೆ. ಮತ್ತು ಗಂಡನಿಗೆ ಇದುವರೆಗೆ ಕೊಟ್ಟದ್ದನ್ನು ನೀವೇ ಹೇಳಿಬಿಡಿ. ಅವರ ಸಿಟ್ಟು ಬಹುಪಾಲು ಗುಟ್ಟಿನ ಮೇಲಿದೆ, ತಮ್ಮನ ಮೇಲಲ್ಲ ಎಂದು ನನ್ನ ಅಂದಾಜು. ಹೊಲದ ಪಹಣಿಯನ್ನು ಈಗ ಅವನೊಬ್ಬನ ಹೆಸರಿಗೆ ಮಾಡುವ ಅವಸರ ಬೇಡ. ಅಪ್ಪನ ಆಸ್ತಿಯಲ್ಲಿ ನಿಮಗೂ ಪಾಲಿದೆ, ಸಹಿ ಹಾಕುವ ಮುಂಚೆ ಯೋಚಿಸಿ.

ಮದುವೆ ಬೇಡ. ಮದ್ಯಕ್ಕೆ ಹೆಂಡತಿ ಔಷಧಿಯಲ್ಲ. ಬರುವ ಹುಡುಗಿಗೆ ರೋಗ ಮುಚ್ಚಿಟ್ಟು ಮದುವೆ ಮಾಡುವುದು ಅವಳಿಗೆ ಮೋಸ. ಕುಡಿಯದೆ ಒಂದು ವರ್ಷ ಕಳೆಯಲಿ, ಆಮೇಲೆ ನೋಡಿದರಾಯಿತು.

ನೀವು ಕೇಳದ ಒಂದು ವಿಷಯ ಹೇಳುತ್ತೇನೆ. ನಿಮ್ಮದು ತೊಗರಿ ಹೊಲದ ಮನೆಯಾಗಿದ್ದರೆ ಸಿಂಪಡಿಸುವ ಎಣ್ಣೆ, ಅಂದರೆ ಕೀಟನಾಶಕದ ಡಬ್ಬಿಗಳು ಎಲ್ಲಿವೆ? ಜಂತಿಗೆ ಸಿಕ್ಕಿಸಿದ್ದು, ಕಟ್ಟೆ ಕೆಳಗಿಟ್ಟದ್ದು ಇದ್ದರೆ ಈ ವಾರವೇ ಮನೆಯಿಂದ ಹೊರಗೆ ಸಾಗಿಸಿ, ಬೇರೆಯವರ ಕೀಲಿಯಲ್ಲಿ ಇಡಿಸಿ. ಹೂವು ಕಾಯಿಯ ಹೊತ್ತಿಗೆ ಸಿಂಪಡಿಸಲು ತರುವುದನ್ನು ಅವತ್ತೇ ಮುಗಿಸಿ. ಕೆಲಸ ಹೋದ, ಕುಡಿಯುವ, ನಾಚಿಕೆಯಲ್ಲಿರುವ ಯುವಕ ದುಡುಕುವುದು ಕೆಲವೇ ನಿಮಿಷದ ಆವೇಶದಲ್ಲಿ, ಆ ನಿಮಿಷಕ್ಕೆ ಕೈಗೆ ಡಬ್ಬಿ ಸಿಗದಿದ್ದರೆ ಜೀವ ಉಳಿಯುತ್ತದೆ. ‘ಸಾಯಬೇಕು ಅನ್ನಿಸ್ತದೇನು’ ಎಂದು ನೇರವಾಗಿ ಕೇಳಿ. ಕೇಳಿದರೆ ತಲೆಯಲ್ಲಿ ಹೊಗುತ್ತದೆ ಎಂಬುದು ತಪ್ಪು ತಿಳಿವಳಿಕೆ, ಕೇಳಿದರೆ ಎದೆ ಹಗುರಾಗುತ್ತದೆ. ಹೂಂ ಎಂದರೆ ಒಬ್ಬನನ್ನೇ ಬಿಡಬೇಡಿ, ಅದೇ ದಿನ ಆಸ್ಪತ್ರೆ. ಅವ್ವನ ಮೇಲೆ ಕೈ ಮಾಡಿದರೆ 112. ತಮ್ಮನನ್ನು ಪ್ರೀತಿಸುವುದಕ್ಕೂ ಪೊಲೀಸರನ್ನು ಕರೆಯುವುದಕ್ಕೂ ವಿರೋಧವಿಲ್ಲ.

ಕೈಬಿಡಬೇಕೇ ಎಂದು ಕೇಳಿದ್ದೀರಿ. ಪತ್ರದಲ್ಲಿ ಬರೆಯದಿದ್ದರೂ, ಅಕ್ಕ ಮುದ್ದು ಮಾಡಿ ಕೆಡಿಸಿದಳು ಎಂಬ ಮಾತು ನಿಮ್ಮ ಕಿವಿಗೆ ಬಿದ್ದಿರಬೇಕು. ಕುಡಿತದ ರೋಗದ ಅಪಾಯದಲ್ಲಿ ಸುಮಾರು ಅರ್ಧ ವಂಶದಿಂದ ಬರುತ್ತದೆ, ಉಳಿದದ್ದು ಗೆಳೆಯರು, ಕೆಲಸ, ಸುಲಭವಾಗಿ ಸಿಗುವ ಮದ್ಯ, ಮನಸ್ಸಿನ ಭಾರ. ನೀವು ಕಾರಣರಲ್ಲ. ಕೈಬಿಡಬೇಕಿಲ್ಲ, ಆದರೆ ದಿನದ 24 ತಾಸೂ ಕೈ ಹಿಡಿದಿರಬೇಕಿಲ್ಲ. ವಾರಕ್ಕೆ ಎರಡು ಹೊತ್ತು ಫೋನ್ ಎಂದು ಗೊತ್ತು ಮಾಡಿಕೊಳ್ಳಿ, ರಾತ್ರಿ ಒಂಬತ್ತರ ನಂತರದ ಕುಡಿದ ಕರೆಗೆ ‘ನಾಳೆ ಹನ್ನೊಂದಕ್ಕ ಮಾತಾಡಣ’ ಎಂದು ಇಡಿ. ಅವನು ಬರುವುದಿಲ್ಲ ಎಂದರೂ ನೀವೊಬ್ಬರೇ ಮನೋವೈದ್ಯ ವಿಭಾಗಕ್ಕೆ ಬಂದು ಮಾತಾಡಬಹುದು. ನಮ್ಮಲ್ಲಿಗೆ ಮೊದಲು ಬರುವವರು ಬಹಳ ಸಲ ಅಕ್ಕ ತಂಗಿಯರೇ. ದೂರವಾದರೆ ಟೆಲಿ ಮಾನಸ್ 14416, ಹಗಲು ರಾತ್ರಿ ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ವ್ಯಸನದ ಬಗ್ಗೆಯೇ ಕೇಳಲು 14446 ಇದೆ. ಮೂರ್ಛೆ, ಸನ್ನಿಗೆ ಮಾತ್ರ ಇವೆರಡಕ್ಕೂ ಫೋನ್ ಮಾಡುತ್ತ ಕೂರಬೇಡಿ, ನೇರ 108. ಈ ಮೂರು ನಂಬರನ್ನೂ ಅವ್ವನ ಫೋನಿನಲ್ಲಿ ಸೇರಿಸಿ, ಅವಳಿಗೆ ಓದಲು ಬಾರದಿದ್ದರೆ ಪಕ್ಕದ ಮನೆಯ ಹುಡುಗನಿಗೆ ತೋರಿಸಿಕೊಡಿ.